ಗುವೋ ಅಜ್ಜನ ಸಿಗರೇಟು

ಗುವೋ ಅಜ್ಜನಿಗೆ ಎಡೆ ಇಡುವ ದಿನ ಸಿಗರೇಟು ಹೊತ್ತಿಸುವ ಕೆಲಸ ಪೇಯೂನ್‌ಳ ಪಾಲಿಗೆ ಬಂದಿತ್ತು. ಮನೆಯಲ್ಲಿ ಈಗ ಯಾರೂ ಸೇದುವುದಿಲ್ಲ. ದೊಡ್ಡಪ್ಪ ಕುನ್‌ಶಾನ್ ಎದೆನೋವು ಕಾಣಿಸಿಕೊಂಡ ಮೇಲೆ ಬಿಟ್ಟಿದ್ದ, ಅಜ್ಜಿಗೆ ಉಸಿರು ಸಾಲದು. ಒಂದು ದಮ್ಮು ಎಳೆಯದೆ ಸಿಗರೇಟು ಸರಿಯಾಗಿ ಹೊತ್ತುವುದೂ ಇಲ್ಲ. ಪೇಯೂನ್ ಬಾಗಿಲಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಎಳೆದು, ಬಂದ ಕೆಮ್ಮನ್ನು ಗಂಟಲಲ್ಲೇ ನುಂಗಿ, ಅದನ್ನು ಊದುಬತ್ತಿಯ ಬೂದಿಯಲ್ಲಿ ನೆಟ್ಟಗೆ ಚುಚ್ಚುತ್ತಿದ್ದಳು. ಬೀದಿಯಲ್ಲಿ ಹೋಗುವವರು ನೋಡಿದರೆ ಏನೆಂದುಕೊಂಡಾರು ಎನ್ನುವ ನಾಚಿಕೆ ಅವಳಿಗೆ.

ಪಡಸಾಲೆಯ ಎತ್ತರದ ಮೇಜಿನ ಮೇಲೆ ನಡುವೆ ದೇವರ ಪಟ, ಪಕ್ಕದಲ್ಲಿ ಲಾಯ್ ಮನೆತನದ ಹಿರಿಯರ ಹೆಸರಿನ ಮರದ ಹಲಗೆ. ಅದರಾಚೆ, ಒಂದು ಅಡ್ಡತಟ್ಟಿಯ ಮರೆಯಲ್ಲಿ, ಗೋಡೆಗೆ ಒತ್ತಿಕೊಂಡ ಹಾಗೆ ಇನ್ನೊಂದು ಸಣ್ಣ ಹಲಗೆ. ಅದರ ಮುಂದೆ ಬೇರೆಯೇ ಊದುಬತ್ತಿ ಬೋಗುಣಿ. ಹಲಗೆಯ ಮೇಲೆ 'ಗುವೋ ಮನೆತನದ ಹಿರಿಯರು' ಎಂದಷ್ಟೇ ಕೆತ್ತಿತ್ತು. ಹೊಗೆ ಕುಡಿದು ಕುಡಿದು ಆ ಅಕ್ಷರಗಳೂ ಮಂಕಾಗಿದ್ದವು. ಮನೆಯವರೆಲ್ಲ ಲಾಯ್‌ಗಳು. ಈ ಗುವೋ ಯಾರು, ಲಾಯ್‌ಗಳ ಮೇಜಿಗೆ ಹೇಗೆ ಬಂದು ಕೂತ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿಗೆ ಗೊತ್ತಿದ್ದುದು ಇಷ್ಟು. ಅವಳು ಸೊಸೆಯಾಗಿ ಬಂದ ವರ್ಷ ಮಾವ ತಿಯೆನ್‌ಶುಯಿ ಅವಳನ್ನು ಮೇಜಿನ ಮುಂದೆ ನಿಲ್ಲಿಸಿ, ಇವರು ಗುವೋ ಹಿರಿಯರು, ಲಾಯ್‌ಗಳಿಗೆ ಎಡೆ ತಪ್ಪಿದರೂ ಇವರಿಗೆ ತಪ್ಪಬಾರದು ಎಂದಿದ್ದ. ಅವಳು ತಪ್ಪುವುದಿಲ್ಲ ಎಂದು ಊದುಬತ್ತಿ ಹಿಡಿದು ಮಾತು ಕೊಟ್ಟಿದ್ದಳು. ಹೆಚ್ಚಿಗೆ ಕೇಳುವ ಧೈರ್ಯ ಹೊಸ ಸೊಸೆಗಿರಲಿಲ್ಲ, ಹೇಳುವ ಅಭ್ಯಾಸ ಮಾವನಿಗಿರಲಿಲ್ಲ. ಆ ಹಲಗೆಗೆ ಅಕ್ಕಿಯ ಸಾರಾಯಿ ಸುರಿಯುತ್ತಿದ್ದವನು ಅವನೇ, ಸಿಗರೇಟು ಹೊತ್ತಿಸಿ ಇಡುತ್ತಿದ್ದವನೂ ಅವನೇ. ನೋಡುತ್ತ ಬೆಳೆದ ಮಕ್ಕಳು 'ಗುವೋ ಅಜ್ಜ' ಎಂದು ಕರೆದರು, ಹೆಸರು ನಿಂತುಬಿಟ್ಟಿತು.

ಇಂಥ ಹಲಗೆಗೆ ಎರಡು ಪದರ. ಒಳಗಿನ ಪದರದಲ್ಲಿ ಸತ್ತವರ ಪೂರ್ತಿ ಹೆಸರು, ಹುಟ್ಟಿದ ದಿನ, ತೀರಿದ ದಿನ ಇರುತ್ತವೆ. ಬಿಚ್ಚಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಮುಚ್ಚಿದ ಹಲಗೆಯನ್ನು ಬಿಚ್ಚುವುದು ಮಲಗಿದವರ ಹೊದಿಕೆ ಎಳೆದಂತೆ ಎಂದು ಅಜ್ಜಿ ಯಾರಿಗೂ ಕೈ ಹಾಕಗೊಡಲಿಲ್ಲ. ಸತ್ತವರು ಸುಮ್ಮನಿದ್ದರೂ ಅವಳು ಸುಮ್ಮನಿರುವವಳಲ್ಲ ಎಂದು ದೊಡ್ಡಪ್ಪನಿಗೂ ಗೊತ್ತಿತ್ತು.

ಗುವೋ ಅಜ್ಜನ ಊಟ ಬಹಳ ನಿಧಾನ ಎಂಬುದು ಮನೆಯ ಹಳೆಯ ತಮಾಷೆ. ಎಡೆ ಇಟ್ಟ ಮೇಲೆ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ, ಊಟ ಆಯಿತೇ ಎಂದು ಕೇಳಬೇಕು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಆಯಿತು ಎಂದರ್ಥ. ಎರಡೂ ಮಗುಚಿ ಬಿದ್ದರೆ ಇಲ್ಲ. ಎರಡೂ ಅಂಗಾತ ಬಿದ್ದು ತೊಟ್ಟಿಲಿನಂತೆ ತೂಗಿದರೆ ಅವರು ನಗುತ್ತಿದ್ದಾರೆ ಎಂದು ಲೆಕ್ಕ. ಲಾಯ್ ಹಿರಿಯರು ಬೇಗ ಉಂಡು ಏಳುತ್ತಿದ್ದರು. ಗುವೋ ಅಜ್ಜ ಮಾತ್ರ ಸಿಗರೇಟು ಬೂದಿಯಾಗುವ ತನಕ ಆಯಿತು ಎಂದದ್ದೇ ಇಲ್ಲ. ಕೋಳಿ, ಮೀನು, ಬಟ್ಟಲು ಕಡುಬು ಎಲ್ಲ ಆರಿ ತಣ್ಣಗಾಗುತ್ತಿದ್ದವು.

ಈ ವರ್ಷ ದೊಡ್ಡಪ್ಪ ಊಟದ ಪ್ರಶ್ನೆ ಮುಗಿದ ಮೇಲೆ ಮತ್ತೆ ಮೊಣಕಾಲೂರಿದ. ಹಳೆಯ ಮನೆಯ ಬದಿಯಲ್ಲೇ ಅವನು ನಾಲ್ಕು ಮಹಡಿಯ ಹೊಸ ಮನೆ ಕಟ್ಟಿಸುತ್ತಿದ್ದ. ಮೇಲಿನ ಮಹಡಿಯಲ್ಲಿ ಹಿರಿಯರಿಗೆ ಹೊಸ ಮೇಜು. ಸ್ಥಳ ನೋಡಿಕೊಟ್ಟ ಶಾಸ್ತ್ರದವರು, ಒಂದೇ ಮೇಜಿನ ಮೇಲೆ ಎರಡು ಮನೆತನ ಕೂತರೆ ಮನೆಯಲ್ಲಿ ಒಂದಲ್ಲ ಒಂದು ತೊಂದರೆ ತಪ್ಪುವುದಿಲ್ಲ ಎಂದಿದ್ದರು. ದೊಡ್ಡಪ್ಪನಿಗೆ ತನ್ನ ಎದೆನೋವು, ಮಗ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡದ್ದು ಎಲ್ಲ ಸಾಲಾಗಿ ನೆನಪಾಗಿತ್ತು. ಊರಾಚೆಯ ದೇವಸ್ಥಾನದಲ್ಲಿ ದಿಕ್ಕಿಲ್ಲದವರ ಹಲಗೆಗಳಿಗೆಂದೇ ಒಂದು ಕೋಣೆಯಿದೆ. ಅಲ್ಲಿ ಬಿಟ್ಟು ಬಂದರೆ ಭಿಕ್ಷುಣಿಯರು ಎಲ್ಲರಿಗೂ ಒಟ್ಟಿಗೆ ಊದುಬತ್ತಿ ಹಚ್ಚುತ್ತಾರೆ.

"ಗುವೋ ಅಜ್ಜ, ಇಷ್ಟು ವರ್ಷ ನಿಮ್ಮನ್ನ ಅತಿಥಿ ಥರ ನೋಡ್ಕೊಂಡ್ವಿ. ಇನ್ನು ದೇವಸ್ಥಾನದಲ್ಲಿ ಆರಾಮಾಗಿರ್ತೀರಾ?" ಎಂದು ಕೇಳಿ ತುಂಡುಗಳನ್ನು ಹಾಕಿದ.

ಎರಡೂ ಅಂಗಾತ ಬಿದ್ದು ತೂಗಿದವು. ಇನ್ನೊಮ್ಮೆ ಹಾಕಿದ. ಮತ್ತೆ ನಗು.

"ಮುದುಕನಿಗೆ ತಮಾಷೆಯಾಗಿದೆ," ಎಂದ ದೊಡ್ಡಪ್ಪ ಎದ್ದು ಮೊಣಕಾಲು ಒರೆಸಿಕೊಳ್ಳುತ್ತ. "ನಕ್ಕರೆ ಬೇಡ ಅಂತಲ್ವಲ್ಲ."

ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಅಜ್ಜಿ ಅನ್ನದ ಬಟ್ಟಲನ್ನು ಕೆಳಗಿಟ್ಟು, ತಾನು ಹೊಸ ಮನೆಗೆ ಬರುವುದಿಲ್ಲ ಎಂದಳು. ಗುವೋ ಹಿರಿಯರು ಯಾರು, ಅವರ ಕಡೆಯವರು ಯಾರಾದರೂ ಇದ್ದಾರೋ ತಿಳಿಯಲಿ. ಇದ್ದರೆ ಅವರ ಕೈಗೆ ಒಪ್ಪಿಸಿ ಕಣ್ಣು ಮುಚ್ಚುತ್ತೇನೆ. ಯಾರೆಂದೇ ತಿಳಿಯದೆ ಅನಾಥರ ಕೋಣೆಗೆ ನೂಕುವುದಾದರೆ ನಾನೂ ಈ ಹಳೆಯ ಮನೆಯ ಜೊತೆಗೇ ಬೀಳುತ್ತೇನೆ, ಕೆಡವಿಬಿಡು ಎಂದಳು. ದೊಡ್ಡಪ್ಪ ಬಹಳ ಹೊತ್ತು ಮೀನಿನ ಮುಳ್ಳು ಬಿಡಿಸಿದ. ಕೊನೆಗೆ, ಏಳನೇ ತಿಂಗಳು ಬಂದರೆ ದೆವ್ವಗಳ ತಿಂಗಳು, ಆಗ ಏನನ್ನೂ ಸಾಗಿಸುವ ಹಾಗಿಲ್ಲ. ಅದಕ್ಕೆ ಮುಂಚೆ ದಿನ ನೋಡಿಸಿದ್ದೇನೆ. ಅಷ್ಟರಲ್ಲಿ ಹುಡುಕಿ, ಸಿಗದಿದ್ದರೆ ನನ್ನ ಮಾತು ನಡೆಯಲಿ ಎಂದ. ಅಜ್ಜಿ ತಲೆಯಾಡಿಸಿದಳು.

ಹುಡುಕುವವರು ಯಾರು ಎಂದು ಕೇಳಬೇಕಾಗಿರಲಿಲ್ಲ. ಪೇಯೂನ್ ಬೆಳಿಗ್ಗೆ ಅಜ್ಜಿಯ ಬಟ್ಟಲು ಕಡುಬಿನ ಅಂಗಡಿ ನೋಡಿಕೊಳ್ಳುತ್ತಿದ್ದಳು. ಮಾದೋ ಊರಿನವರು ಬೆಳಗಿನ ತಿಂಡಿಗೇ ಕಡುಬು ಮುಗಿಸಿಬಿಡುತ್ತಾರೆ. ಮಧ್ಯಾಹ್ನದ ಮೇಲೆ ಅವಳ ಕೈ ಖಾಲಿ. ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದ, ಅಮ್ಮ ಮತ್ತೆ ಮದುವೆಯಾಗಿ ಉತ್ತರದ ಕಡೆ ಹೋಗಿದ್ದಳು. ಅಜ್ಜಿಯ ಸೆರಗು ಹಿಡಿದೇ ಬೆಳೆದವಳು. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹೊಸ ಮನೆಯಲ್ಲಿ ಅವಳಿಗೊಂದು ಕೋಣೆ ಇತ್ತು, 'ಮದುವೆಯಾಗೋ ತನಕ' ಎಂಬ ಮಾತೂ ಅದರ ಜೊತೆಗಿತ್ತು.

"ಇವಳನ್ನ ಕಚೇರಿಗೆ ಕಳಿಸ್ತೀಯಾ ಅಮ್ಮಾ?" ದೊಡ್ಡಪ್ಪ ನಕ್ಕ. "ಗಿರಾಕಿ ಹತ್ರ ಕಾಸು ಕೇಳೋಕೂ ನಾಚ್ಕೊತಾಳೆ. ನೋಡೇ ಪೇಯೂನ್, ಮದುವೆ ಗಿದುವೆ ಅಂತ ಆಗು. ಇಲ್ದಿದ್ರೆ ನಾಳೆ ನಿನಗೆ ಊದುಬತ್ತಿ ಹಚ್ಚೋರಿಲ್ಲ, ನಿನ್ನನ್ನೂ ಗುವೋ ಅಜ್ಜನ ಪಕ್ಕ ಕೂರಿಸಬೇಕಾಗುತ್ತೆ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಮದುವೆಯಾಗದೆ ಸತ್ತ ಹೆಣ್ಣಿಗೆ ಹುಟ್ಟಿದ ಮನೆಯ ಮೇಜಿನ ಮೇಲೆ ಜಾಗವಿಲ್ಲ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಆ ರಾತ್ರಿ ಪಾತ್ರೆ ತೊಳೆದು ಪಡಸಾಲೆಯ ದೀಪ ಆರಿಸಲು ಹೋದಾಗ, ಗೋಡೆಗೆ ಒತ್ತಿಕೊಂಡು ಕೂತ ಆ ಪುಟ್ಟ ಹಲಗೆಯನ್ನು ಅವಳು ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು.

ಮನೆತನಗಳ ನೋಂದಣಿ ಕಚೇರಿಯಲ್ಲಿ ಜನ ಹೆಚ್ಚಿರಲಿಲ್ಲ. ಕೌಂಟರಿನ ಮೇಲೆ ಮುದುಕರಿಗೆಂದು ದಾರ ಕಟ್ಟಿದ ಕನ್ನಡಕಗಳನ್ನು ಇಟ್ಟಿದ್ದರು. ಪೇಯೂನ್ ಚೀಟಿ ತೆಗೆದುಕೊಂಡು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಕೂತಳು. ಜಪಾನಿಯರು ಆಳುತ್ತಿದ್ದಾಗ ಜನಗಣತಿ ಮಾಡಿ, ಆಮೇಲೆ ಪೊಲೀಸರನ್ನು ಮನೆಮನೆಗೆ ಕಳಿಸಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಬಂದು ಸೇರಿದರು ಎಂದು ಬರೆಸಿಟ್ಟಿದ್ದ ಹಾಳೆಗಳು ಇನ್ನೂ ಇವೆ ಎಂದು ಅಜ್ಜಿ ಕೇಳಿದ್ದಳು. ಅವಳ ಲೆಕ್ಕದಲ್ಲಿ ಗುವೋ ಅಜ್ಜ ಯಾವುದೋ ಊರಿನಿಂದ ಕೂಲಿಗೆ ಬಂದು, ಮನೆಯಲ್ಲಿ ಬಾಡಿಗೆಗಿದ್ದು, ಹಿಂದೆಮುಂದೆ ಯಾರಿಲ್ಲದೆ ಸತ್ತವನಿರಬೇಕು. ಅಂಥವರ ಹೆಸರನ್ನೂ ಮನೆಯವರ ಹಾಳೆಯ ಕೊನೆಯಲ್ಲಿ ಸೇರಿಸುತ್ತಿದ್ದರಂತೆ.

ಕೌಂಟರಿನ ಹೆಂಗಸು ಪೇಯೂನ್ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದಳು.

"ಈ ಗುವೋ ಅನ್ನೋರು ನಿಮಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ. ನಮ್ಮ ಮನೇಲಿ ಎಡೆ ಇಡ್ತೀವಿ, ಅಷ್ಟೇ."

"ಏನೂ ಆಗದೋರ ಕಾಗದ ಕೊಡೋ ಹಾಗಿಲ್ಲ ತಂಗಿ. ನೇರ ರಕ್ತಸಂಬಂಧ ಇರಬೇಕು. ನಿಮ್ಮೋರದ್ದು ಕೇಳಿ, ಎಷ್ಟು ಹಿಂದಕ್ಕೆ ಇದೆಯೋ ಅಷ್ಟೂ ತೆಗೆದುಕೊಡ್ತೀನಿ."

ಪೇಯೂನ್ ಥ್ಯಾಂಕ್ಸ್ ಎಂದು ಎದ್ದು ಬಂದುಬಿಟ್ಟಳು. ಹೊರಗೆ ಸ್ಕೂಟರಿನ ಸೀಟು ಕಾದು ಕೂರಲಾಗದಂತಿತ್ತು. ಆಲದ ನೆರಳಿನಲ್ಲಿ ನಿಂತುಕೊಂಡು ತನ್ನ ಮೇಲೇ ಸಿಟ್ಟು ಮಾಡಿಕೊಂಡಳು. ಇನ್ನೊಂದು ಮಾತು ಕೇಳಬಹುದಿತ್ತು, ಇನ್ನೊಬ್ಬರನ್ನು ಕೇಳಬಹುದಿತ್ತು. ದೊಡ್ಡಪ್ಪನ ನಗು ಕಿವಿಯಲ್ಲಿ ಕೇಳಿಸಿತು. ಏನೂ ಆಗದವರನ್ನು ಹುಡುಕಲು ದಾರಿಯೇ ಇಲ್ಲವೆಂದಮೇಲೆ ಗುವೋ ಅಜ್ಜ ಅನಾಥರ ಕೋಣೆಗೆ ಹೋದ ಹಾಗೆಯೇ.

ಮನೆಗೆ ಬಂದು ಹೇಳಿದಾಗ ಅಜ್ಜಿ ಕಡುಬಿಗೆ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ಹಾಗಾದರೆ ನಮ್ಮವರದ್ದೇ ತೆಗೆದುಕೊಂಡು ಬಾ ಎಂದಳು. ಬಾಡಿಗೆಯವನಾಗಿದ್ದರೆ ನಮ್ಮ ಹಾಳೆಯ ಕೊನೆಯಲ್ಲೇ ಇರುತ್ತಾನೆ. ಇಲ್ಲದಿದ್ದರೂ ಪರವಾಗಿಲ್ಲ, ನಿನ್ನ ಅಜ್ಜನ ಹೆಸರನ್ನು ಕಾಗದದ ಮೇಲೆ ನೋಡಿ ಬಹಳ ಕಾಲವಾಯಿತು.

ಎರಡನೇ ಸಲ ಹೋಗುವಾಗ ಗುರುತಿನ ಚೀಟಿ, ಹೆಸರಿನ ಮುದ್ರೆ, ಅಪ್ಪನ ಮರಣದ ಕಾಗದ ಎಲ್ಲ ಹಿಡಿದುಕೊಂಡಿದ್ದಳು. ಅದೇ ಹೆಂಗಸು ಇದ್ದಳು. ಅಪ್ಪ, ಅವನ ಅಪ್ಪ, ಅವನ ಅಪ್ಪ ಎಂದು ಒಂದೊಂದೇ ಮೆಟ್ಟಿಲಿಳಿದು ಹೋದ ಹಾಗೆ ಹಾಳೆಗಳು ಯಂತ್ರದಿಂದ ಬಂದವು. ಮೊದಲಿನವು ಅಚ್ಚಾದ ಅಕ್ಷರ, ಹಿಂದೆ ಹೋದಂತೆ ಕೈಬರಹ. ಕೊನೆಯ ಹಾಳೆ ಕುಂಚದಲ್ಲಿ ಬರೆದದ್ದು. ಸತ್ತವರ, ಮನೆ ಬಿಟ್ಟು ಹೋದವರ ಹೆಸರಿನ ಮೇಲೆ ಅಡ್ಡಗೀರು. ಮೇಲುನೋಟಕ್ಕೆ ಎಲ್ಲರೂ ತಪ್ಪು ಮಾಡಿ ಹೊಡೆಸಿಕೊಂಡವರ ಹಾಗೆ ಕಾಣುತ್ತಿದ್ದರು.

ಪೇಯೂನ್ ಕಿಟಕಿಯ ಹತ್ತಿರ ಕೂತು ಅದನ್ನು ಎಡತುದಿಯಿಂದ ಓದತೊಡಗಿದಳು. ಹಾಳೆ ಬಲದಿಂದ ಶುರುವಾಗುವುದು, ಬಾಡಿಗೆಯವರು, ಆಳುಗಳು ಇದ್ದರೆ ಎಡತುದಿಯಲ್ಲಿ. ಅಲ್ಲಿ ಯಾರೂ ಇರಲಿಲ್ಲ. ಕೊನೆಯ ಹೆಸರು ಹುಟ್ಟಿ ಬೇಗ ಸತ್ತ ಒಂದು ಹೆಣ್ಣುಮಗುವಿನದು. ಅದಕ್ಕೂ ಮುಂಚೆ ಲಾಯ್ ತಿಯೆನ್‌ಶುಯಿ, ಎರಡನೇ ಮಗ. ಅಜ್ಜಿಯ ಮಾವ. ಗುವೋ ಎಲ್ಲೂ ಇಲ್ಲ. ಬೆರಳಿಟ್ಟುಕೊಂಡು ಇನ್ನೂ ಬಲಕ್ಕೆ ಬಂದಳು. ತಿಯೆನ್‌ಶುಯಿಯ ಅಣ್ಣ, ಹಿರಿಯ ಮಗ. ಅವನ ಹೆಸರು ಗುವೋ ಶುಯಿಯುವಾನ್. ಬಾಲ್ಯದಲ್ಲೇ ತೀರಿದ, ಹೆಸರಿನ ಮೇಲೆ ಗೀರು.

ಒಂದೇ ಹೊಟ್ಟೆಯ ಇಬ್ಬರು ಮಕ್ಕಳಿಗೆ ಎರಡು ಮನೆತನದ ಹೆಸರು. ಅವಳ ಬೆರಳು ಅಲ್ಲೇ ನಿಂತಿತು. ಅದರ ಬಲಕ್ಕೆ ತಂದೆ, ಲಾಯ್ ಚಿಂಗ್, ಬೇರೆ ಊರಿನಿಂದ ಬಂದು ಸೇರಿದ ಮನೆಅಳಿಯ. ಆಮೇಲೆ ಹಾಳೆಯ ಎಲ್ಲಕ್ಕಿಂತ ಮೊದಲ ಸಾಲಿಗೆ, ಮನೆಯ ಯಜಮಾನರ ಹೆಸರು ಬರೆಯುವ ಜಾಗಕ್ಕೆ ಕಣ್ಣೆತ್ತಿದಳು.

ಗುವೋ ಮಿಯೆನ್. ಹಿಂದಿನ ಯಜಮಾನರ ಹಿರಿಯ ಮಗಳು. ತಂದೆ ತೀರಿದ ಮೇಲೆ ಯಜಮಾನಿಕೆ ಇವರಿಗೆ.

ಮಗಳು ಎಂಬ ಅಕ್ಷರವನ್ನು ಪೇಯೂನ್ ಹತ್ತು ಸಲ ನೋಡಿರಬೇಕು. ಹೆಸರಿನ ಮೇಲಿನ ಚಿಕ್ಕ ಚೌಕಗಳಲ್ಲಿ ಪೊಲೀಸರು ಒಂದೊಂದೇ ಅಕ್ಷರದ ಗುರುತು ಬರೆದಿದ್ದರು. ಅವುಗಳ ಅರ್ಥ ತಿಳಿಯದೆ, ಕೌಂಟರಿನ ಹೆಂಗಸು ಬಿಡುವಾಗುವ ತನಕ ಕಾದು, ಹಾಳೆಯನ್ನು ಅವಳ ಮುಂದೆ ಚಾಚಿದಳು. ಆ ಹೆಂಗಸು ಕನ್ನಡಕ ಮೂಗಿನ ತುದಿಗಿಳಿಸಿ, ಇದು ಪಾದದ ಚೌಕ ಎಂದಳು. ಚಿಕ್ಕಂದಿನಲ್ಲಿ ಬೆಳೆಯದ ಹಾಗೆ ಪಾದ ಬಿಗಿದು ಕಟ್ಟಿದ್ದರು, ಆಮೇಲೆ ಬಿಚ್ಚಿಸಿದ್ದಾರೆ ಅಂತ. ಇದು ಅಫೀಮಿನದು. ಇವರಿಗೆ ಅಫೀಮು ಸೇದಲು ಪರವಾನಗಿ ಇತ್ತು ಅಂತ.

"ಸೇದ್ತಿದ್ರಾ?" ಎಂದಳು ಪೇಯೂನ್.

"ಗುರುತು ಹಾಕಿದಾರಲ್ಲ, ಸೇದ್ತಿದ್ರು. ಯಾರಿವರು?"

ಏನೂ ಆಗಬೇಕಿಲ್ಲ ಎಂದು ಮೊದಲ ಸಲ ಹೇಳಿದ್ದ ಅದೇ ಕೌಂಟರಿನ ಮುಂದೆ ಪೇಯೂನ್ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ನಮ್ಮ ಅಜ್ಜಿ," ಎಂದಳು. "ನಮ್ಮ ಅಜ್ಜನ ಅಜ್ಜಿ."

ಅಜ್ಜಿಗೆ ಅವಳು ಹಾಳೆಯನ್ನು ಓದಿ ಹೇಳಿದ್ದು ಅಂಗಡಿಯ ಹಿಂದೆ, ಬಟ್ಟಲುಗಳನ್ನು ಬಿಸಿಲಿಗೆ ಕವುಚುವ ಜಗುಲಿಯ ಮೇಲೆ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ. ವರ್ಷ ವರ್ಷ ಕಾಗದದ ಬಟ್ಟೆ ಸುಟ್ಟು ಕಳಿಸಿದೆನಲ್ಲೇ. ಎಲ್ಲಾ ಗಂಡಸರ ಪ್ಯಾಂಟು. ಟೋಪಿ ಬೇರೆ."

ಪೇಯೂನ್‌ಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಒಂದೊಂದೇ ನೆನಪು ಹೊರಬಂತು. ಮಾವ ಸಿಗರೇಟು ಹೊತ್ತಿಸಿ ಚುಚ್ಚಿದ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂರುತ್ತಿದ್ದ, ಅದು ಮುಗಿಯುವ ತನಕ ಏಳುತ್ತಿರಲಿಲ್ಲ. ಲಾಯ್‌ಗಳ ಎಡೆಗೆ ಅವನು ಹೀಗೆ ಕೂತದ್ದಿಲ್ಲ. ಒಮ್ಮೆ ಕುಡಿದಿದ್ದಾಗ, ನಮ್ಮಣ್ಣ ಹೆಸರನ್ನೂ ಜೊತೆಗೇ ತಗೊಂಡು ಹೋದ, ಅಪ್ಪ ನನಗೆ ಕೊಡಗೊಡಲಿಲ್ಲ ಎಂದು ಗೊಣಗಿದ್ದ. ಯಾವ ಹೆಸರು ಎಂದು ಅವಳು ಕೇಳಿರಲಿಲ್ಲ. ಕುಡಿದವರ ಮಾತಿಗೆ ಅರ್ಥ ಕೇಳುವುದುಂಟೇ?

"ನಮ್ಮಮ್ಮ ಅಂತ ಮಾವ ಒಂದು ಸಲ ಅಂದಿದ್ರೆ ಆಗ್ತಿತ್ತು," ಎಂದಳು ಅಜ್ಜಿ. "ಮನೆಅಳಿಯನ ಮಗ ಅಂತ ಊರವರು ಆಡ್ಕೊಂಡಿರ್ತಾರೆ. ಅದಕ್ಕೇ ಬಾಯಿ ಮುಚ್ಕೊಂಡು, ಬರೀ ಸಿಗರೇಟು ಹಚ್ಚಿದ."

ದೊಡ್ಡಪ್ಪನಿಗೆ ಹೇಳುವ ಹೊತ್ತಿಗೆ ಮೇಜು ಮಾಡುವ ಬಡಗಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದ. ದೊಡ್ಡಪ್ಪ ಹಾಳೆಯನ್ನು ದೂರ ಹಿಡಿದು ಓದಿದ. ಮುಖ ಕೆಂಪಾಯಿತು. ಅವನಿಗೆ ಮೊದಲು ಹೊಳೆದದ್ದು ಹಂದಿ ತೆರಿಗೆ ಎಂಬ ಹಳೆಯ ಮಾತು. ಇನ್ನೊಬ್ಬರ ಹೆಣ್ಣುಹಂದಿಯನ್ನು ಸಾಕಲು ತಂದವರು ಮರಿ ಹಾಕಿದಾಗ ಒಡೆಯನಿಗೆ ಒಂದು ಮರಿ ಕೊಡುತ್ತಾರೆ. ಹಾಗೆಯೇ ಗಂಡುಮಕ್ಕಳಿಲ್ಲದ ಹೆಂಡತಿಯ ಮನೆತನಕ್ಕೆ ಒಂದು ಮಗುವನ್ನು ಬಿಟ್ಟುಕೊಡುವುದು. ಹೋಟೆಲಿನಲ್ಲಿ ಕೂತು ಇನ್ನೊಬ್ಬರನ್ನು ಕೆಣಕಲು ಅವನೇ ಎಷ್ಟೋ ಸಲ ಆ ಮಾತನ್ನು ಬಳಸಿದ್ದ.

ಈ ಕಾಗದ ಮಡಚಿಡು, ಹೊರಗೆ ಯಾರಿಗೂ ತೋರಿಸಬೇಡ ಎಂದ. ಅವರು ಯಾರೆಂದು ತಿಳಿಯಿತಲ್ಲ, ಒಳ್ಳೆಯದೇ ಆಯಿತು. ಆದರೆ ಮೇಜು ಒಂದೇ, ಮನೆತನ ಈಗಲೂ ಎರಡು. ಶಾಸ್ತ್ರ ಬದಲಾಗುವುದಿಲ್ಲ. ಅವರ ಊದುಬತ್ತಿಯನ್ನು ಇನ್ನು ಮುಂದೆ ಯಾರಾದರೂ ತನ್ನದೆಂದು ಹೊರಬೇಕು. ನನ್ನ ಮಗ ಹೊರುವುದಿಲ್ಲ, ಅವನು ಲಾಯ್. ಹೊರುವವರಿಲ್ಲದ ಹಲಗೆಯನ್ನು ಇಟ್ಟುಕೊಂಡರೆ ಅವರಿಗೂ ಒಳ್ಳೆಯದಲ್ಲ, ನಮಗೂ ಅಲ್ಲ. ಅವನು ಹೇಳಿದ್ದರಲ್ಲಿ ಪೂರ್ತಿ ಸುಳ್ಳೇನಿರಲಿಲ್ಲ. ಅಜ್ಜಿಗೂ ಅದು ಗೊತ್ತಿತ್ತು. ಕೊಟ್ಟ ಮಾತಿನ ಪ್ರಕಾರ ಯಾರೆಂದು ತಿಳಿದದ್ದಾಗಿತ್ತು, ಒಪ್ಪಿಸಲು ಆ ಕಡೆಯವರು ಯಾರೂ ಉಳಿದಿರಲಿಲ್ಲ.

ಪೇಯೂನ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮಾತು ಮುಗಿದು ದೊಡ್ಡಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ.

"ನಾನು ಹೊರ್ತೀನಿ ದೊಡ್ಡಪ್ಪ."

ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ದೊಡ್ಡಪ್ಪ ಏನು ಎಂದು ಕೇಳಿದ. ಅವಳು ಇನ್ನೊಮ್ಮೆ ಹೇಳಬೇಕಾಯಿತು.

"ನೀನಾ? ನೀನು ನಾಳೆ ಮದುವೆಯಾಗಿ ಹೋಗೋಳು."

"ಇವಳು ಹೋಗಲಿಲ್ಲವಲ್ಲ," ಅಜ್ಜಿ ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲೇ ಇದ್ಲು. ಗಂಡನೇ ಬಂದ."

"ಹೆಣ್ಣು ಹೊರೋದು ಎಲ್ಲಾದ್ರೂ ಉಂಟಾ ಅಮ್ಮಾ?"

"ಮೊದಲು ಹೊತ್ತವಳು ಯಾರು ಮತ್ತೆ? ಓದಿದೆಯಲ್ಲ."

ದೊಡ್ಡಪ್ಪ ಚಪ್ಪಲಿ ಹಾಕಿಕೊಳ್ಳದೆ ನಿಂತ. ಅವನ ಕಣ್ಣು ಹಾಳೆಯ ಕೆಳಗಿನ ವಿಳಾಸದ ಮೇಲೆ ಹೋಯಿತು. ಹಳೆಯ ಹೆಸರಿನ ಬೀದಿ, ಆದರೆ ಜಾಗದ ಸಂಖ್ಯೆ ಇದೇ. ಹೊಸ ಮನೆಯ ಪರವಾನಗಿಗೆ ಅವನೇ ಎಷ್ಟು ಸಲ ಬರೆದುಕೊಟ್ಟಿದ್ದ ಸಂಖ್ಯೆ. ಲಾಯ್ ಚಿಂಗ್ ಬಟ್ಟೆಯ ಗಂಟೊಂದನ್ನು ಹಿಡಿದು ಬಂದು ಹತ್ತಿದ ಜಗುಲಿ ಇದೇ. ದೊಡ್ಡಪ್ಪ ಕಟ್ಟಿಸುತ್ತಿದ್ದ ನಾಲ್ಕು ಮಹಡಿ ನಿಂತದ್ದೂ ಗುವೋ ಮಿಯೆನ್‌ಳ ಮಣ್ಣಿನ ಮೇಲೆಯೇ.

ಅವನು ಪಡಸಾಲೆಗೆ ಹೋಗಿ ಊದುಬತ್ತಿ ಹಚ್ಚಿದ. ಅಜ್ಜಿ, ಪೇಯೂನ್ ಹಿಂದೆ ನಿಂತರು. ಅವನು ಮೊಣಕಾಲೂರಿ ಗಂಟಲು ಸರಿಮಾಡಿಕೊಂಡ.

"ಗುವೋ ಮಿಯೆನ್ ಅಜ್ಜಿ, ನಾನು ಕುನ್‌ಶಾನ್, ತಿಯೆನ್‌ಶುಯಿ ಮೊಮ್ಮಗ. ನಿಮ್ಮ ಮನೇಲೇ ನಿಂತು ನಿಮ್ಮನ್ನೇ ಅತಿಥಿ ಅಂದೆ. ಅವತ್ತು ನೀವು ಯಾಕೆ ನಕ್ಕಿರಿ ಅಂತ ಈಗ ಗೊತ್ತಾಯ್ತು." ತುಂಡುಗಳನ್ನು ಕೈಗೆ ತೆಗೆದುಕೊಂಡ. "ಹೊಸ ಮನೆಗೆ ನೀವೂ ಬರ್ತೀರಾ? ಪೇಯೂನ್ ನಿಮ್ಮ ಹಲಗೆ ಹೊರ್ತೀನಿ ಅಂತಾಳೆ. ಆಗ್ಬಹುದಾ?"

ತುಂಡುಗಳನ್ನು ಹಾಕಿದ. ಎರಡೂ ಮಗುಚಿ ಬಿದ್ದವು. ಇಲ್ಲ.

ದೊಡ್ಡಪ್ಪ ತಿರುಗಿ ನೋಡಿದ, ಅವನ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಅಜ್ಜಿ ಪೇಯೂನ್‌ಳನ್ನು ಮುಂದಕ್ಕೆ ತಳ್ಳಿದಳು. ಹೊರುವವಳು ತಾನೇ ಕೇಳಬೇಕು, ಇನ್ನೊಬ್ಬರ ಬಾಯಲ್ಲಿ ಕೇಳಿಸಿದರೆ ಯಾವ ಹಿರಿಯರು ಒಪ್ಪುತ್ತಾರೆ ಎಂದಳು.

ಪೇಯೂನ್ ಕೂತಳು. ಮರದ ತುಂಡುಗಳು ದೊಡ್ಡಪ್ಪನ ಕೈಬೆವರಿನಿಂದ ಇನ್ನೂ ಒದ್ದೆಯಾಗಿದ್ದವು. ಏನು ಕೇಳಬೇಕೆಂದು ಕಚೇರಿಗೆ ಹೋದಾಗಿನ ಹಾಗೆ ಮನಸ್ಸಿನಲ್ಲಿ ಹೇಳಿಕೊಳ್ಳಲು ಹೋದಳು, ಮಾತು ಕೂಡಲಿಲ್ಲ. ಕೊನೆಗೆ ತುಂಡುಗಳನ್ನು ಹಣೆಗೆ ಒತ್ತಿಕೊಂಡು, "ಅಜ್ಜಿ, ನಾನು ಪೇಯೂನ್. ಸಿಗರೇಟು ಹಚ್ಚೋಳು," ಎಂದಷ್ಟೇ ಹೇಳಿ ಕೈಬಿಟ್ಟಳು.

ಒಂದು ಮಗುಚಿ ಬಿತ್ತು. ಇನ್ನೊಂದು ಉರುಳುತ್ತ ಹೋಗಿ ಮೇಜಿನ ಕಾಲಿಗೆ ತಗುಲಿ ಅಂಗಾತ ನಿಂತಿತು.

ಮಾರನೇ ದಿನ ದೊಡ್ಡಪ್ಪ ಬಡಗಿಯನ್ನು ಕರೆಸಿ ಮೇಜನ್ನು ಇನ್ನಷ್ಟು ಉದ್ದ ಮಾಡಲು ಹೇಳಿದ. ಎರಡು ಹಲಗೆಗಳ ನಡುವೆ ತಟ್ಟಿ ಇರಲಿ, ಆದರೆ ಗೋಡೆಗೆ ಒತ್ತುವ ಹಾಗೆ ಬೇಡ ಎಂದ. ಮನೆಅಳಿಯನ ವಿಷಯ ಹೋಟೆಲಿನಲ್ಲಿ ಅವನೇ ಬಾಯಿಬಿಟ್ಟನೋ, ಬೇರೆ ಯಾರೋ, ವಾರದೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಕಡುಬಿಗೆ ಬಂದ ಗಿರಾಕಿಯೊಬ್ಬ, ಏನಮ್ಮ ಗುವೋ ಮನೆಯವರೇ, ಕಡುಬು ಮಿಕ್ಕಿದೆಯಾ ಎಂದು ಕೆಣಕಿದ. ಪೇಯೂನ್ ಮಿಕ್ಕಿದ್ದ ಕಡುಬಿಗೆ ಬೆಳ್ಳುಳ್ಳಿ ಸಾಸ್ ಹಾಕಿ ಕೊಟ್ಟಳು, ದುಡ್ಡನ್ನು ಕೇಳಿಯೇ ತೆಗೆದುಕೊಂಡಳು.

ಸಾಗಿಸುವ ದಿನ ಬೆಳಿಗ್ಗೆಯೇ ಸೆಕೆ. ಹಿರಿಯರಿಗೆ ಬಿಸಿಲು ತಾಗಬಾರದೆಂದು ಕಪ್ಪು ಕೊಡೆ. ಲಾಯ್ ಹಲಗೆಯನ್ನು ದೊಡ್ಡಪ್ಪನ ಮಗ ಕುಂಟುತ್ತ ಹೊತ್ತು ಮೊದಲು ಹೋದ. ಅದರ ಹಿಂದೆ ಪೇಯೂನ್. ಕೈಯಲ್ಲಿ ಅಕ್ಕಿ ಕೇರುವ ಹೊಸ ಬುಟ್ಟಿ, ಅದರೊಳಗೆ ಕೆಂಪು ಬಟ್ಟೆಯ ಮೇಲೆ ಗುವೋ ಹಲಗೆ. ಅವಳ ತಲೆಯ ಮೇಲೆ ಕೊಡೆ ಹಿಡಿದವನು ದೊಡ್ಡಪ್ಪ.

ಹಿರಿಯರನ್ನು ಒಯ್ಯುವಾಗ ಹೊಸ್ತಿಲು, ತಿರುವು, ಮೆಟ್ಟಿಲು ಎಲ್ಲವನ್ನೂ ಕೂಗಿ ಹೇಳಬೇಕು. ಹೇಳದಿದ್ದರೆ ಅವರು ದಾರಿಯಲ್ಲೇ ಉಳಿದುಬಿಡುತ್ತಾರೆ. ಬೀದಿಯಲ್ಲಿ ನೆರೆಯವರೆಲ್ಲ ನಿಂತು ನೋಡುತ್ತಿದ್ದರು. ಪೇಯೂನ್ ಬಾಯಿ ತೆರೆದಳು, ದನಿ ಬರಲಿಲ್ಲ.

"ಜೋರಾಗಿ ಹೇಳೇ. ಇಷ್ಟು ವರ್ಷ ಆದ್ಮೇಲೆ ಬಾಗಿಲಲ್ಲಿ ಬಿಟ್ಟು ಹೋಗ್ತೀಯಾ?" ಹಿಂದಿನಿಂದ ದೊಡ್ಡಪ್ಪ ಪಿಸುಗುಟ್ಟಿದ.

"ಅಜ್ಜಿ, ಹೊಸ್ತಿಲು," ಎಂದಳು. ಇನ್ನೂ ಸ್ವಲ್ಪ ಜೋರಾಗಿ, "ಅಜ್ಜಿ, ಎಡಕ್ಕೆ ತಿರುಗ್ತಿದೀವಿ." ಹೊಸ ಮನೆಯ ಒಳಗೆ ದನಿ ಬರಿಯ ಗೋಡೆಗಳಿಗೆ ತಾಗಿ ಅವಳಿಗೇ ತಿರುಗಿ ಕೇಳಿಸಿತು. "ಅಜ್ಜಿ, ಇಲ್ಲಿಂದ ಮೆಟ್ಟಿಲು."

ಮುಂದೆ ಲಾಯ್ ಹಲಗೆ ಬೇಗ ಬೇಗ ಮೇಲೇರಿ ಹೋಯಿತು. ಪೇಯೂನ್ ಮಾತ್ರ ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದಳು. ತಿರುವಿನಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತಳು. ದೊಡ್ಡಪ್ಪ ಕೊಡೆ ಕೈ ಬದಲಿಸಿಕೊಂಡು, ಯಾಕೆ, ಭಾರವೇ ಎಂದು ಕೇಳಿದ.

"ಇಲ್ಲ. ಅವರ ಕಾಲು," ಎಂದಳು. "ಕಟ್ಟಿ ಬಿಚ್ಚಿದ ಕಾಲು. ಮೆಟ್ಟಿಲು ಕಡಿದಾಗಿದೆ."

ದೊಡ್ಡಪ್ಪ ಒಂದು ಮೆಟ್ಟಿಲು ಕೆಳಗೇ ಕಾದು ನಿಂತ. ಮೇಲೆ ಶಾಸ್ತ್ರದವರು ಗಳಿಗೆ ಮೀರುತ್ತದೆ ಎಂದು ಗಂಟೆ ಅಲ್ಲಾಡಿಸಿದರು. ಇವರು ನಿಧಾನವಾಗಿಯೇ ಹತ್ತಿದರು.

ಹೊಸ ಮೇಜಿನ ಮೇಲೆ ಎರಡೂ ಹಲಗೆ ಕೂತು, ಎಡೆ ಇಟ್ಟು, ಸಾರಾಯಿ ಸುರಿದಾದ ಮೇಲೆ ಎಲ್ಲರೂ ಪೇಯೂನ್‌ಳ ಕಡೆ ನೋಡಿದರು. ಅವಳು ಸಿಗರೇಟು ತುಟಿಗಿಟ್ಟು ಬೆಂಕಿ ತಾಗಿಸಿದಳು. ಈ ಸಲ ಬಾಗಿಲಿಗೆ ಬೆನ್ನು ಹಾಕಲಿಲ್ಲ. ಕೆಮ್ಮು ಬಂತು, ಕೆಮ್ಮಿದಳು. ಅದನ್ನು ಬೂದಿಯಲ್ಲಿ ನೆಟ್ಟಗೆ ಚುಚ್ಚಿ, ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಊಟ ಆಯಿತೇ ಎಂದು ಕೇಳಲು ದೊಡ್ಡಪ್ಪ ಮರದ ತುಂಡುಗಳಿಗೆ ಕೈಚಾಚಿದ. ಆಮೇಲೆ ಸಿಗರೇಟಿನ ಉದ್ದ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ.